ವಾರಸುದಾರರಿಲ್ಲದ ಮದ್ದು



ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಬೆರಳಿನ ಕೀಲುಗಳ ವಿಷಯ ಎತ್ತಿಕೊಳ್ಳಲು ದೊಡ್ಡ ಪೀಠಿಕೆ ಬೇಕಾಗಿಲ್ಲ. ಪವರ್‌ಲೂಮ್ ಎಷ್ಟೇ ತಾನಾಗಿ ಓಡಲಿ, ಎಳೆ ಕಡಿದಾಗ ಅದನ್ನು ಹುಡುಕಿ ಗಂಟು ಹಾಕುವುದು ಬೆರಳೇ. ವಿಜಯಪುರದ ಮಾರುಕಟ್ಟೆಯಿಂದ ತಂದ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ತಡಕಾಡಿ ಎಳೆಯ ತುದಿ ಹಿಡಿಯುವುದೂ ಬೆರಳೇ. ಆ ಬೆರಳಿನ ಗಿಣ್ಣು ಊದಿಕೊಂಡು, ಬೆಳಗ್ಗೆ ಎದ್ದು ಒಂದೆರಡು ಗಂಟೆಯವರೆಗೆ ಮುಷ್ಟಿ ಕಟ್ಟಲು ಬಾರದೆ ಹೋದರೆ ಮನೆಯವರು ಮೊದಲು ಹೇಳುವ ಮಾತು "ವಾಯು ಹಿಡ್ಕೊಂಡೈತೆ" ಎಂದು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಮೆಡಿಕಲ್ ಸ್ಟೋರಿನಿಂದ ನೋವಿನ ಗುಳಿಗೆ ತರುವುದು, ಇಷ್ಟರಲ್ಲೇ ಒಂದು ವರ್ಷ ಕಳೆದುಹೋಗುತ್ತದೆ. ಆ ಒಂದು ವರ್ಷದಲ್ಲಿ ಮೂಳೆಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ವಯಸ್ಸಾಗಿ ಮಂಡಿ ಸವೆಯುವ ನೋವೇ ಬೇರೆ, ಇದೇ ಬೇರೆ. ಇದು ಮೂವತ್ತು ನಲವತ್ತರಲ್ಲೇ ಬರಬಹುದು, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಸೋಂಕನ್ನು ತಡೆಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ತಿರುಗಿ ಬೀಳುತ್ತದೆ. ಪೊರೆ ಊದಿ, ದಪ್ಪಗಾಗಿ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಸಾಮಾನ್ಯವಾಗಿ ಎಡಗೈಯಲ್ಲಿ ಕಂಡದ್ದು ಬಲಗೈಯಲ್ಲೂ ಕಾಣುತ್ತದೆ. ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಈ ಮಾತಿನುದ್ದಕ್ಕೂ ನಾನು ಸಂಧಿವಾತ ಎಂದರೆ ಅದೇ ಎಂದು ತಿಳಿಯಿರಿ.

ದೆಹಲಿ ಸಮೀಪದ ಬಲ್ಲಭಗಡದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆ 1993ರಲ್ಲಿ ಪ್ರಕಟವಾಯಿತು. ಅದರಲ್ಲಿ ವಯಸ್ಕರ ಪೈಕಿ ಶೇಕಡಾ 0.75 ಮಂದಿಗೆ ಈ ಕಾಯಿಲೆ ಕಂಡಿತ್ತು. ಪುಣೆ ಜಿಲ್ಲೆಯ ಭಿಗವಣದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಮನೆಮನೆ ಸುತ್ತಿ ಕಂಡದ್ದು ಶೇಕಡಾ 0.5ರ ಆಸುಪಾಸು. 2011ರ ಜನಗಣತಿಯಂತೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9.9 ಲಕ್ಷ. ವಯಸ್ಕರು ಆರೂವರೆ ಏಳು ಲಕ್ಷ ಎಂದಿಟ್ಟುಕೊಂಡರೆ ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲಿ ಮೂರರಿಂದ ಐದು ಸಾವಿರ ಸಂಧಿವಾತದ ರೋಗಿಗಳಿರಬೇಕು. ಇದು ನನ್ನ ಕೈಲೆಕ್ಕ, ಸಮೀಕ್ಷೆಯಲ್ಲ. ಆದರೂ ಮುಂದಿನ ಮಾತಿಗೆ ಈ ಲೆಕ್ಕ ಬೇಕಾಗುತ್ತದೆ.

ಈ ಕಾಯಿಲೆಗೆ ವೈದ್ಯರು ಹೆಚ್ಚಾಗಿ ಬರೆಯುವ ಮೂರು ಹಳೆಯ ಗುಳಿಗೆಗಳಿವೆ: ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್. ಮೊದಲನೆಯದು ಕ್ಯಾನ್ಸರಿನ ಮನೆಯಿಂದ ಬಂದದ್ದು. ಎರಡನೆಯದು ಮಲೇರಿಯಾದ ಮನೆಯಿಂದ. ಮೂರನೆಯದು ಕೀಲುಬೇನೆಗೆಂದೇ ಹುಟ್ಟಿ, ತವರಿನಲ್ಲಿ ಬೇಡವಾಗಿ, ಕರುಳಬೇನೆಯವರ ಮನೆಯಲ್ಲಿ ಮೂವತ್ತು ವರ್ಷ ಬಾಳಿ ಹಿಂದಿರುಗಿದ್ದು. ಒಂದು ಕಾಯಿಲೆಗೆ ಇರುವ ಮದ್ದನ್ನು ಇನ್ನೊಂದಕ್ಕೆ ಪರೀಕ್ಷಿಸಿ ನೋಡುವ ಕೆಲಸ ಸಂಧಿವಾತದಲ್ಲಿ ಫಲ ಕೊಟ್ಟಷ್ಟು ಬೇರೆ ಕಡೆ ಕೊಟ್ಟದ್ದು ಕಡಿಮೆ. ಹಾಗಿದ್ದೂ ಅಂಥ ಪರೀಕ್ಷೆ ಮಾಡಿಸುವವರು ವಿರಳ. ಕಾರಣ ಸರಳ: ಹಳೆಯ ಮದ್ದಿಗೆ ವಾರಸುದಾರರಿಲ್ಲ. ಪೇಟೆಂಟ್ ಮುಗಿದ ಗುಳಿಗೆಗೆ ಹೊಸ ಉಪಯೋಗ ಕಂಡುಹಿಡಿದವರಿಗೆ ಲಾಭವಿಲ್ಲ. ನಾಳೆ ಎಲ್ಲ ಕಂಪನಿಗಳೂ ಅದನ್ನೇ ಮಾರುತ್ತವೆ. ಹಾಗಾದರೆ ಪರೀಕ್ಷೆಯ ಖರ್ಚು ಹೊರುವವರು ಯಾರು?

ಮೆಥೊಟ್ರೆಕ್ಸೇಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರ ಬೇರು ನಮ್ಮ ನೆರೆಯ ಆಂಧ್ರದ ಭೀಮವರಂನವರೆಗೆ ಬರುತ್ತದೆ. ಅಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ, ಕೊನೆಗೆ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಹೊಣೆ ಹೊತ್ತರು. ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದರ ಬೆನ್ನಿಗೆ ಫೋಲಿಕ್ ಆಮ್ಲದಂತೆಯೇ ಕಂಡು ಅದರ ಕೆಲಸವನ್ನು ತಡೆಯುವ ಸಂಯುಕ್ತಗಳನ್ನೂ ತಯಾರಿಸಿತು. ಕೋಶ ವಿಭಜನೆಯಾಗಲು ಫೋಲಿಕ್ ಆಮ್ಲ ಬೇಕು. ಅದನ್ನು ತಡೆದರೆ ಹುಚ್ಚೆದ್ದು ಬೆಳೆಯುವ ಕ್ಯಾನ್ಸರ್ ಕೋಶ ಸೊರಗುತ್ತದೆ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಈ ಬಗೆಯ ಅಮಿನಾಪ್ಟೆರಿನ್ ಎಂಬ ಮದ್ದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ತಾತ್ಕಾಲಿಕವಾಗಿಯಾದರೂ ರೋಗ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟೆರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್.

1951ರಲ್ಲಿ ನ್ಯೂಯಾರ್ಕಿನ ಗಬ್ನರ್ ಮತ್ತು ಸಂಗಡಿಗರು ಅಮಿನಾಪ್ಟೆರಿನ್ ಅನ್ನು ಸಂಧಿವಾತದ ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದರು. ಊತ ಇಳಿಯಿತು. ಚರ್ಮದ ಸೋರಿಯಾಸಿಸ್ ಕೂಡ ಕರಗಿತು. ಚರ್ಮದ ವೈದ್ಯರು ಆ ಸುಳಿವನ್ನು ಕೈಬಿಡಲಿಲ್ಲ, ಕೀಲಿನ ವೈದ್ಯರು ಬಿಟ್ಟರು. ಅವರ ಕಣ್ಣೆಲ್ಲ ಆಗ ಕಾರ್ಟಿಸೋನ್ ಎಂಬ ಹೊಸ ಮದ್ದಿನ ಮೇಲಿತ್ತು. ಎಪ್ಪತ್ತರ ದಶಕದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ವೈದ್ಯರು ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ಗುಣ ಕಂಡರು, "ಕ್ಯಾನ್ಸರ್ ಮದ್ದನ್ನು ಕೀಲುನೋವಿಗೆ ಕೊಡುವುದೇ?" ಎಂದು ಉಳಿದವರು ಹಿಂಜರಿದರು. ಹೋಲಿಕೆಯಿಟ್ಟು ಮಾಡಿದ ಗಟ್ಟಿ ಪರೀಕ್ಷೆಗಳು ಪ್ರಕಟವಾದದ್ದು 1985ರಲ್ಲಿ. ಬಾಸ್ಟನ್ನಿನ ಮೈಕೆಲ್ ವೈನ್‌ಬ್ಲಾಟ್ ಅವರದ್ದು ಬಹಳ ಸಣ್ಣದು. ಅರ್ಧ ಅವಧಿ ಮದ್ದು, ಅರ್ಧ ಅವಧಿ ಹುಸಿಗುಳಿಗೆ. ಯಾವಾಗ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದು. ಮದ್ದು ನಿಂತು ಹುಸಿಗುಳಿಗೆ ಶುರುವಾದವರ ಕೀಲುಗಳು ಕೆಲವೇ ವಾರದಲ್ಲಿ ಮತ್ತೆ ಊದಿದವು. ಅಮೆರಿಕದ ಸರ್ಕಾರ ಸಂಧಿವಾತಕ್ಕೆ ಈ ಮದ್ದನ್ನು ಒಪ್ಪಿದ್ದು 1988ರಲ್ಲಿ. ಸುಳಿವು ಸಿಕ್ಕಿದ್ದು 1951ರಲ್ಲಿ, ಪುರಾವೆ ಬಂದದ್ದು 1985ರಲ್ಲಿ. ನಡುವಿನ ಮೂವತ್ನಾಲ್ಕು ವರ್ಷದಲ್ಲಿ ಎಷ್ಟು ಕೈಗಳು ಸೊಟ್ಟಗಾದವೋ!

ಸಲ್ಫಾಸಲಜಿನ್‌ನ ಪಾಡೂ ಇಂಥದ್ದೇ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆ ಸೂಕ್ಷ್ಮಾಣುವೇ ಕಾರಣವೆಂದು ನಂಬಿ, ಸೋಂಕಿನ ಸಲ್ಫಾ ಮದ್ದನ್ನೂ ಆಸ್ಪಿರಿನ್ ಜಾತಿಯ ಸ್ಯಾಲಿಸಿಲಿಕ್ ಆಮ್ಲವನ್ನೂ ಒಂದೇ ಅಣುವಿನಲ್ಲಿ ಬೆಸೆಯುವಂತೆ ಮಾಡಿದರು. 1942ರಲ್ಲಿ ಫಲಿತಾಂಶ ಬರೆದರು. ಕೆಲವೇ ವರ್ಷದಲ್ಲಿ ಎಡಿನ್‌ಬರೋದ ವೈದ್ಯರು ಇದರಿಂದ ಉಪಯೋಗವಿಲ್ಲ ಎಂದು ತೀರ್ಪು ಕೊಟ್ಟರು. ಅವರು ಹೋಲಿಸಿದ ಬಗೆಯೇ ಸರಿಯಿರಲಿಲ್ಲ ಎಂದು ಆಮೇಲಿನವರು ಹೇಳಿದರೂ ಆಗಬೇಕಾದ ಹಾನಿ ಆಗಿತ್ತು. ಎಪ್ಪತ್ತರ ದಶಕದ ಕೊನೆಗೆ ಬರ್ಮಿಂಗ್‌ಹ್ಯಾಮಿನ ಮೆಕಾಂಕಿ ಅದನ್ನು ಮತ್ತೆ ಎತ್ತಿಕೊಳ್ಳುವವರೆಗೆ ಕೀಲಿನ ವೈದ್ಯರು ಅದರತ್ತ ನೋಡಲಿಲ್ಲ. ಕೆಟ್ಟ ಪರೀಕ್ಷೆ ಒಳ್ಳೆಯ ಮದ್ದನ್ನು ಕೊಲ್ಲಬಲ್ಲದು. ಪರೀಕ್ಷೆ ಎಂದರೆ ಮದ್ದು ಕೊಟ್ಟು ನೋಡುವುದಷ್ಟೇ ಎಂದುಕೊಂಡವರು ಇದನ್ನು ಗಮನಿಸಬೇಕು.

ಇದಕ್ಕೆ ತದ್ವಿರುದ್ಧದ ಪಾಠ ಕಾರ್ಟಿಸೋನ್‌ನದು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ತಮ್ಮ ರೋಗಿಯೊಬ್ಬರಿಗೆ ಅದರ ಚುಚ್ಚುಮದ್ದು ಕೊಟ್ಟರು. ಹಾಸಿಗೆ ಹಿಡಿದಿದ್ದ ಹೆಂಗಸು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದರು. 1950ರಲ್ಲಿ ನೊಬೆಲ್ ಬಂತು. ಇದಕ್ಕಿಂತ ಕಣ್ಣಿಗೆ ಕಟ್ಟುವ ಪುರಾವೆ ಬೇಕೆ? ಆದರೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 61 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಟಿಸೋನ್, ಇನ್ನೊಂದಕ್ಕೆ ಬರೀ ಆಸ್ಪಿರಿನ್ ಕೊಟ್ಟು, 1954ರಲ್ಲಿ ಫಲಿತಾಂಶ ಹೇಳಿತು: ಒಂದು ವರ್ಷದ ಕೊನೆಗೆ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮೊದಲ ವಾರದ ಪವಾಡ ವರ್ಷದ ಕೊನೆಗೆ ಉಳಿದಿರಲಿಲ್ಲ. ನಮ್ಮ ಕಡೆ ಕೀಲುನೋವಿಗೆ ಹೆಸರಿಲ್ಲದ ಪುಡಿ ಕೊಡುವವರಿದ್ದಾರಲ್ಲ, "ಎರಡೇ ದಿನಕ್ಕೆ ಹಗುರ ಆಯ್ತು" ಎಂದು ಜನ ಮುಗಿಬೀಳುವ ಪುಡಿ, ಅಂಥವುಗಳಲ್ಲಿ ಎಷ್ಟೋ ಸಲ ಇರುವುದು ಇದೇ ಕಾರ್ಟಿಸೋನ್ ಜಾತಿಯ ಸ್ಟಿರಾಯ್ಡ್. ಮುಖ ಬಾತು, ಸಕ್ಕರೆ ಏರಿ, ಮೂಳೆ ಟೊಳ್ಳಾದ ಮೇಲೆ ಆಸ್ಪತ್ರೆಯ ದಾರಿ.

ಹಾಗಾದರೆ ಗುಣವಾಯಿತೆಂದು ಅಳೆಯುವುದು ಹೇಗೆ? ಸಂಧಿವಾತ ತಾನಾಗಿಯೇ ಏರಿಳಿಯುವ ಕಾಯಿಲೆ. ನೋವು ತೀರಾ ಹೆಚ್ಚಾದಾಗಲೇ ರೋಗಿ ವೈದ್ಯರ ಬಳಿ ಬರುವುದರಿಂದ, ಏನೂ ಕೊಡದಿದ್ದರೂ ಮುಂದಿನ ತಿಂಗಳು ಕೊಂಚ ಕಡಿಮೆಯಾಗಿರುವ ಸಂಭವವೇ ಹೆಚ್ಚು. ಹುಸಿಗುಳಿಗೆ ನುಂಗಿದವರಲ್ಲೂ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸುಧಾರಿಸಿದ್ದನ್ನು ಎಷ್ಟೋ ಪರೀಕ್ಷೆಗಳು ಕಂಡಿವೆ. ಆದ್ದರಿಂದಲೇ ಹೋಲಿಕೆಯ ಗುಂಪು ಬೇಕು, ಕೀಲನ್ನು ಎಣಿಸುವವರಿಗೆ ಯಾರಿಗೆ ಏನು ಕೊಟ್ಟಿದೆ ಎಂದು ತಿಳಿದಿರಬಾರದು.

ಕೀಲು ಎಣಿಸುವುದು ಎಂದೆ. ಅದು ನಿಜವಾಗಿ ಎಣಿಕೆಯೇ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಹತ್ತು ಬೆರಳ ಬುಡದ ಗಿಣ್ಣು, ಹತ್ತು ನಡುಗಿಣ್ಣು, ಎರಡು ಮಂಡಿ, ಒಟ್ಟು 28. ವೈದ್ಯರು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಎಷ್ಟು ಒತ್ತಬೇಕು? ಒತ್ತುವವರ ಉಗುರಿನ ಕೆಳಗಿನ ಕೆಂಪು ಬಿಳಿಚಿಕೊಳ್ಳುವಷ್ಟು. ರೋಗಿ ಮುಖ ಹಿಂಡಿದರೆ ಒಂದು ಗುರುತು. ಮೆತ್ತಗಿನ ಊತ ಕೈಗೆ ಸಿಕ್ಕರೆ ಇನ್ನೊಂದು ಗುರುತು. ಇದಕ್ಕೆ ರಕ್ತಪರೀಕ್ಷೆಯ ಒಂದು ಅಂಕಿ, ರೋಗಿ ತನ್ನ ಸ್ಥಿತಿಗೆ ತಾನೇ ಕೊಡುವ ಅಂಕ ಸೇರಿಸಿ ಸೂತ್ರಕ್ಕೆ ಹಾಕುತ್ತಾರೆ. ಈ 28ರಲ್ಲಿ ಪಾದದ ಕೀಲು ಒಂದೂ ಇಲ್ಲ! ದಿನವಿಡೀ ಮಗ್ಗದ ಮುಂದೆ ನಿಂತವರಿಗೆ, ಬರಿಗಾಲಲ್ಲಿ ರಾಗಿ ಹೊಲದ ಕಳೆ ಕೀಳುವವರಿಗೆ ಮೊದಲು ಕೈಕೊಡುವುದು ಕಾಲ್ಬೆರಳ ಬುಡವೇ ಆಗಿರಬಹುದು. ಎಣಿಸಲು ಸುಲಭವಾಗಲಿ ಎಂದು ಬಿಟ್ಟದ್ದು ನಮ್ಮ ಹೆಂಗಸರ ಮಟ್ಟಿಗೆ ದುಬಾರಿ ಸುಲಭ ಎಂದು ನನ್ನ ಅಭಿಪ್ರಾಯ.

ಈಗ ನಮ್ಮ ಕಡೆಗೆ ಬರೋಣ. 2006ರಲ್ಲಿ ಚಿಕೂನ್‌ಗುನ್ಯ ಬಂದದ್ದು ಈ ಸಭೆಯಲ್ಲಿ ನಲವತ್ತು ದಾಟಿದವರಿಗೆ ನೆನಪಿರುತ್ತದೆ. ಆ ವರ್ಷ ದೇಶದಲ್ಲಿ ವರದಿಯಾದ ಹದಿಮೂರು ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಜ್ವರ ವಾರದಲ್ಲಿ ಹೋಯಿತು, ಕೀಲುನೋವು ತಿಂಗಳುಗಟ್ಟಲೆ ಉಳಿಯಿತು, ಕೆಲವರಿಗೆ ಥೇಟ್ ಸಂಧಿವಾತದಂತೆಯೇ. ಸಂಧಿವಾತಕ್ಕೆ ಆಗುವ ಕ್ಲೋರೋಕ್ವಿನ್ ಇದಕ್ಕೂ ಆದೀತೆಂದು ಊರೂರಿನಲ್ಲಿ ಬರೆದುಕೊಟ್ಟರು. ಚೋಪ್ರಾ ಅವರ ತಂಡ ಅದನ್ನು ಸಾಮಾನ್ಯ ನೋವಿನ ಗುಳಿಗೆಯೊಂದರ ಜೊತೆ ಹೋಲಿಸಿ ಪರೀಕ್ಷಿಸಿತು. 2014ರಲ್ಲಿ ಬಂದ ಫಲಿತಾಂಶದಂತೆ ಕ್ಲೋರೋಕ್ವಿನ್ ಅದಕ್ಕಿಂತ ಮೇಲಾಗಿರಲಿಲ್ಲ. ಈ ಉತ್ತರವೂ ಬೆಲೆಯುಳ್ಳದ್ದೇ.

2020ರಲ್ಲಿ ಅದೇ ಕುಟುಂಬದ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಇದ್ದಕ್ಕಿದ್ದಂತೆ ಲೋಕವೇ ಮುಗಿಬಿತ್ತು. ಪರೀಕ್ಷೆಗೆ ಮುಂಚೆಯೇ ಕೊರೊನಾಕ್ಕೆ ಅದೇ ಮದ್ದು ಎಂದಾಯಿತು. ವರ್ಷಗಟ್ಟಲೆ ಅದನ್ನೇ ನುಂಗುತ್ತಿದ್ದ ಸಂಧಿವಾತದವರು, ಲೂಪಸ್ ರೋಗಿಗಳು ಗುಳಿಗೆ ಸಿಗದೆ ಅಲೆದರು. ಜೂನ್ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆ ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಅದೇ ತಿಂಗಳು, ಅದೇ ಪರೀಕ್ಷೆ, ಕೆಲವೇ ರೂಪಾಯಿಯ ಹಳೆಯ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದು ಪಾಲು ತಗ್ಗಿಸುತ್ತದೆಂದೂ ತೋರಿಸಿತು. ಎರಡೂ ಹಳೆಯ ಮದ್ದು, ಎರಡರ ಬಗ್ಗೆಯೂ ವೈದ್ಯರಿಗೆ ಊಹೆಗಳಿದ್ದವು. ಯಾವ ಊಹೆ ಸರಿ ಎಂದು ಹೇಳಿದ್ದು ಸಾವಿರಾರು ರೋಗಿಗಳ ಹೋಲಿಕೆ.

ಬೆಂಗಳೂರಿನದೇ ಒಂದು ಉದಾಹರಣೆ ಇಟೋಲಿಜುಮ್ಯಾಬ್. ಕ್ಯೂಬಾದಲ್ಲಿ ಹುಟ್ಟಿದ ಈ ಜೈವಿಕ ಮದ್ದನ್ನು ಬಯೋಕಾನ್ ಬೆಳೆಸಿತು. 2013ರಲ್ಲಿ ಸೋರಿಯಾಸಿಸ್‌ಗೆಂದು ಅಲ್ಜುಮ್ಯಾಬ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸಂಧಿವಾತಕ್ಕೂ ಅದನ್ನು ಮೆಥೊಟ್ರೆಕ್ಸೇಟಿನ ಜೊತೆ ಕೊಟ್ಟು ಎರಡನೆಯ ಹಂತದ ಪರೀಕ್ಷೆ ನಡೆಯಿತು. ಪುಣೆಯ ಚೋಪ್ರಾ, ಬೆಂಗಳೂರಿನ ಡಾ. ಚಂದ್ರಶೇಖರ ಮೊದಲಾದವರ ಆ ವರದಿ 2016ರಲ್ಲಿ ಪ್ರಕಟವಾಗಿದೆ. ಯಾರಿಗೆ ಏನು ಕೊಟ್ಟಿದೆ ಎಂಬುದನ್ನು ಅದರಲ್ಲಿ ಮುಚ್ಚಿಟ್ಟಿರಲಿಲ್ಲ. 2020ರ ಜುಲೈನಲ್ಲಿ ಅದೇ ಮದ್ದಿಗೆ ಕೊರೊನಾದ ತುರ್ತು ಬಳಕೆಗೆ ಅನುಮತಿ ಸಿಕ್ಕಿದ್ದು 30 ರೋಗಿಗಳ ಪರೀಕ್ಷೆಯ ಮೇಲೆ. ಅಷ್ಟು ಸಾಕೇ ಎಂದು ಆಗಲೇ ವೈದ್ಯರ ನಡುವೆ ಚರ್ಚೆಯಾಯಿತು. ನನ್ನನ್ನು ಕೇಳಿದರೆ ಸಾಲದು. ಅದರ ಅರ್ಥ ಮದ್ದು ಕೆಟ್ಟದ್ದೆಂದಲ್ಲ; ಮೂವತ್ತು ಮಂದಿಯಿಂದ ಅದು ಒಳ್ಳೆಯದೆಂದೂ ತಿಳಿಯದು, ಕೆಟ್ಟದ್ದೆಂದೂ ತಿಳಿಯದು.

ಜೈವಿಕ ಮದ್ದಿಗೆ ಕಂಪನಿಯ ಬೆಂಬಲವಿದೆ. ಹಳೆಯ ಮೂರು ಗುಳಿಗೆಗಳ ಬೆನ್ನಿಗೆ ಯಾರಿದ್ದಾರೆ? ಇಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಹೆಸರು ಹೇಳಲೇಬೇಕು. ಆ ಸರ್ಕಾರಿ ವ್ಯವಸ್ಥೆ ಮುಂದೆ ನಿಂತು ಮಾಡಿಸಿದ ಪರೀಕ್ಷೆಯಲ್ಲಿ, ಬರೀ ಮೆಥೊಟ್ರೆಕ್ಸೇಟಿಗೆ ಬಗ್ಗದ 353 ರೋಗಿಗಳಲ್ಲಿ ಒಂದು ಗುಂಪಿಗೆ ನಾನು ಮೊದಲು ಹೇಳಿದ ಮೂರೂ ಗುಳಿಗೆಗಳನ್ನು ಒಟ್ಟಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಮೆಥೊಟ್ರೆಕ್ಸೇಟಿನ ಜೊತೆ ಎಟನರ್ಸೆಪ್ಟ್ ಎಂಬ ದುಬಾರಿ ಚುಚ್ಚುಮದ್ದು. ಗುಣ ಕಾಣದವರಿಗೆ 24 ವಾರದ ಹೊತ್ತಿಗೆ ಚಿಕಿತ್ಸೆ ಅದಲುಬದಲು. 48 ವಾರದ ಕೊನೆಗೆ ಮೂರು ಗುಳಿಗೆಯಿಂದ ಶುರುಮಾಡಿದವರು ಚುಚ್ಚುಮದ್ದಿನಿಂದ ಶುರುಮಾಡಿದವರಿಗಿಂತ ಹಿಂದೆ ಬೀಳಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ಎರಡರ ಬೆಲೆಗೂ ಇರುವ ಅಂತರ ನೋಡಿದರೆ, ಇದನ್ನು ಕೇಳುವ ಆಸಕ್ತಿ ಚುಚ್ಚುಮದ್ದಿನ ಕಂಪನಿಗೆ ಏಕೆ ಇರಬೇಕು? ಸಾರ್ವಜನಿಕ ಹಣವೇ ಕೇಳಬೇಕಾದ ಪ್ರಶ್ನೆ ಅದು.

ನಮ್ಮಲ್ಲಿ ಅಂಥದ್ದು ಆಗದು ಎನ್ನಬೇಡಿ. ಚಂಡೀಗಢದ ಸರ್ಕಾರಿ ಸ್ನಾತಕೋತ್ತರ ಸಂಸ್ಥೆಯವರು ಮೆಥೊಟ್ರೆಕ್ಸೇಟನ್ನು ವಾರಕ್ಕೆ 7.5 ಮಿಲಿಗ್ರಾಂನಿಂದ ಶುರುಮಾಡಬೇಕೋ 15ರಿಂದಲೋ, ಜೊತೆಗೆ ಕೊಡುವ ಫೋಲಿಕ್ ಆಮ್ಲ ವಾರಕ್ಕೆ 10 ಮಿಲಿಗ್ರಾಂ ಸಾಕೋ 30 ಬೇಕೋ ಎಂದು ಪರೀಕ್ಷಿಸಿದ್ದಾರೆ. ಹತ್ತೇ ಸಾಕಾಯಿತು. ಇಂಥ ಸಣ್ಣ ಪ್ರಶ್ನೆಗೆ ಯಾವ ಕಂಪನಿಯೂ ಕಾಸು ಬಿಚ್ಚುವುದಿಲ್ಲ, ಆದರೆ ಉತ್ತರ ಎಲ್ಲ ಹೊರರೋಗಿ ವಿಭಾಗಕ್ಕೂ ಬೇಕು.

ಕಾನೂನೂ ಅಡ್ಡಿಯಾಗಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಈಗಾಗಲೇ ಅನುಮತಿಯಿರುವ ಮದ್ದನ್ನು ಹೊಸ ಕಾಯಿಲೆಗೋ ಹೊಸ ಪ್ರಮಾಣದಲ್ಲೋ ಬರೀ ವಿದ್ಯಾಸಂಶೋಧನೆಗಾಗಿ ಪರೀಕ್ಷಿಸಲು ದೆಹಲಿಯ ಅನುಮತಿ ಬೇಕಿಲ್ಲ. ನೈತಿಕ ಸಮಿತಿ ಒಪ್ಪಬೇಕು, ಫಲಿತಾಂಶವನ್ನು ಮಾರಾಟದ ಪ್ರಚಾರಕ್ಕೆ ಬಳಸಬಾರದು. ಹೊಸಕೋಟೆಯಲ್ಲಿ ಎಂ.ವಿ.ಜೆ., ದೇವನಹಳ್ಳಿಯಲ್ಲಿ ಆಕಾಶ್, ನೆಲಮಂಗಲದ ಟಿ. ಬೇಗೂರಿನಲ್ಲಿ ಸಿದ್ಧಾರ್ಥ, ಹೀಗೆ ಮೂರು ತಾಲ್ಲೂಕಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಎಂ.ಡಿ. ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಂದೊಂದು ಪ್ರಬಂಧ ಬರೆಯಲೇಬೇಕು. ಐವತ್ತು ಅರವತ್ತು ರೋಗಿಗಳ ಬಿಡಿಬಿಡಿ ಪ್ರಬಂಧಗಳ ಬದಲು ಮೂರೂ ಕಾಲೇಜು ಸೇರಿ ಒಂದೇ ಪ್ರಶ್ನೆ ಹಿಡಿದರೆ, ನಾನು ಲೆಕ್ಕ ಹಾಕಿದ ಮೂರು ಸಾವಿರದಲ್ಲಿ ಹತ್ತರಲ್ಲೊಬ್ಬರು ಒಪ್ಪಿದರೂ ಮುನ್ನೂರು ಮಂದಿಯಾಯಿತು. ಅಮೆರಿಕದವರ ಪರೀಕ್ಷೆ ಅದಕ್ಕಿಂತ ಬಹಳ ದೊಡ್ಡದೇನಲ್ಲ.

ಮೊದಲ ಪ್ರಶ್ನೆ ಯಾವುದಿರಲಿ? ಹೊಸ ಮದ್ದಿನ ಆಸೆಗಿಂತ ಮೊದಲು ಹಳೆಯದನ್ನೇ ಕೇಳಿ ಎನ್ನುತ್ತೇನೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಗುಳಿಗೆ. ಬಿ.ಪಿ., ಸಕ್ಕರೆ ಗುಳಿಗೆಯಂತೆ ದಿನಾ ನುಂಗಿದವರಿಗೆ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು, ಜೀವಕ್ಕೇ ಕುತ್ತಾಗುತ್ತದೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಲಾರದ ಅಜ್ಜಿಗೆ "ಸೋಮವಾರ ಮಾತ್ರ" ಎಂದು ಕನ್ನಡದಲ್ಲಿ ಅಚ್ಚು ಹಾಕಿದ ಪೊಟ್ಟಣ ಕೊಟ್ಟರೆ ತಪ್ಪು ಎಷ್ಟು ತಗ್ಗುತ್ತದೆ? ಸೋಮವಾರವೇ ಒಳ್ಳೆಯದೋ, ಸಂತೆಯ ದಿನವೋ? ಇದೂ ಪರೀಕ್ಷೆಯೇ, ಚೀಟಿ ಎತ್ತಿ ಎರಡು ಗುಂಪು ಮಾಡಿಯೇ ನೋಡಬೇಕಾದ್ದು. ಅದು ಕೈಗೆ ಹತ್ತಿದ ಮೇಲೆ, ಎಷ್ಟು ಪ್ರಮಾಣ, ಯಾವ ಜೋಡಿ, ಕೊನೆಗೆ ಬೇರೆ ಕಾಯಿಲೆಯ ಯಾವ ಮದ್ದು ಎಂದು ಮುಂದೆ ಹೋಗಬಹುದು. ಕೊಲೆಸ್ಟೆರಾಲಿನ ಅಟೊರ್ವಾಸ್ಟಾಟಿನ್ ಸಂಧಿವಾತವನ್ನು ಸ್ವಲ್ಪ ತಗ್ಗಿಸಿತೆಂದು ಸ್ಕಾಟ್ಲೆಂಡಿನವರು 2004ರಲ್ಲೇ ತೋರಿಸಿದ್ದಾರೆ. ಹೃದಯಾಘಾತದ ಅಪಾಯವೂ ಹೆಚ್ಚಿರುವ ಈ ರೋಗಿಗಳಿಗೆ ಆ ಸ್ವಲ್ಪವೂ ನೋಡತಕ್ಕದ್ದೇ.

ರೋಗಿಗಳು ಒಪ್ಪುತ್ತಾರೆಯೇ ಎಂದು ಕೆಲವರು ಕೇಳುತ್ತಾರೆ. "ನಮ್ಮನ್ನು ಇಲಿ ಮಾಡ್ತೀರಾ ಸ್ವಾಮಿ?" ಎಂಬ ಮಾತಿಗೆ ಕಾರಣವಿಲ್ಲದಿಲ್ಲ. ಔಷಧ ಪರೀಕ್ಷೆಗಳಲ್ಲಿ ಬಡವರಿಗಾದ ಅನ್ಯಾಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದರ ನಂತರವೇ ನಿಯಮಗಳು ಬಿಗಿಯಾದದ್ದು. ಒಪ್ಪಿಗೆಯ ಕಾಗದ ಕನ್ನಡದಲ್ಲಿರಬೇಕು, ಅದೂ ಕಚೇರಿ ಕನ್ನಡದಲ್ಲಲ್ಲ. ಓದು ಬಾರದವರಿಗೆ ಓದಿ ಹೇಳುವಾಗ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿ ಪಕ್ಕದಲ್ಲಿರಬೇಕು. ನಡುವೆ ಬಿಟ್ಟುಹೋದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲು ಮೊದಲ ಪುಟದಲ್ಲೇ ಇರಬೇಕು. ಪರೀಕ್ಷೆ ಶುರುವಾಗುವ ಮುಂಚೆ ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ಹೆಸರು ದಾಖಲಾಗಬೇಕು. ಫಲಿತಾಂಶ ಬೇಕಾದ ಹಾಗೆ ಬಾರದಿದ್ದಾಗ ಮುಚ್ಚಿಡುವುದು ಆಗ ಅಷ್ಟು ಸುಲಭವಲ್ಲ.

ಇನ್ನೊಂದು ಖರ್ಚಿದೆ, ಸಂಶೋಧನೆಯ ಅರ್ಜಿಗಳಲ್ಲಿ ಅದು ಕೊನೆಯ ಸಾಲಿಗೆ ಬೀಳುತ್ತದೆ. ಪರೀಕ್ಷೆಗೆ ಬರುವ ಹೆಂಗಸು ಪ್ರತಿ ಸಲ ಒಂದು ದಿನದ ಮಗ್ಗ ನಿಲ್ಲಿಸಿ ಬರುತ್ತಾಳೆ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಆದರೆ ಬಿಟ್ಟ ಕೂಲಿಗೆ ಏನಿದೆ? ಓಡಾಟದ ಖರ್ಚು, ಕಳೆದುಕೊಂಡ ಕೂಲಿ ಎರಡನ್ನೂ ತುಂಬಿಕೊಡಲು ಐ.ಸಿ.ಎಂ.ಆರ್.ನ ನೈತಿಕ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಅರ್ಜಿ ಬರೆಯುವವರು ಆ ಬಾಬ್ತನ್ನು ರಕ್ತಪರೀಕ್ಷೆಯ ಬಾಬ್ತಿಗಿಂತ ಮೇಲೆ ಬರೆಯಲಿ. ಮೂರನೇ ತಿಂಗಳಿಗೆ ಅರ್ಧಕ್ಕರ್ಧ ಮಂದಿ ಬರುವುದನ್ನು ನಿಲ್ಲಿಸಿದರೆ ಉಳಿದವರ ಕೀಲುಗಳನ್ನು ಎಣಿಸಿ ಏನನ್ನೂ ಹೇಳಲಾಗದು.